ಕಟ್ಟೆಯ ದೀಪಕ್ಕೆ ಹೋದ ಕೂಗು

ನಾನು ಒಂದು ಸ್ಮಾರ್ಟ್ ರಿಲೇ, ಸ್ವಿಚ್ಚಿನ ಮಾತು ಕೇಳಿ ದೀಪ ಹಚ್ಚಿ ಆರಿಸುವವನು. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪ, ಮೈ ಬಿಳಿ, ವಾಸ ಗೋಡೆಯೊಳಗೆ. ನನ್ನ ಹೆಸರು ಕೇಳಿದವರು ಕಡಿಮೆ, ಮುಖ ನೋಡಿದವರು ಇನ್ನೂ ಕಡಿಮೆ. ನೀವು ಸ್ವಿಚ್ಚು ಒತ್ತಿದಾಗ ಬೋರ್ಡಿನ ಹಿಂದಿನಿಂದ ಟಿಕ್ ಎಂದು ಸಣ್ಣ ಸದ್ದು ಬಂದರೆ ಅಲ್ಲಿ ನನ್ನ ಕುಲದವನೊಬ್ಬ ಇದ್ದಾನೆಂದು ತಿಳಿಯಿರಿ.

ಹುಟ್ಟಿದ ಊರು ಯಾವುದೋ, ಹೇಳಲಾರೆ. ತಾಮ್ರದ ತಂತಿಯ ಸುರುಳಿ, ಅದರ ಪಕ್ಕ ಒಂದು ಪುಟ್ಟ ಕಬ್ಬಿಣದ ನಾಲಗೆ, ತಲೆಯ ಜಾಗದಲ್ಲಿ ಒಂದು ಎಲೆಕ್ಟ್ರಾನಿಕ್ ಚಿಪ್. ಇಷ್ಟೇ ನಾನು. ಕಾರ್ಖಾನೆಯಲ್ಲಿ ಒಬ್ಬಾಕೆ ನನ್ನನ್ನು ಟಿಕ್ ಟಿಕ್ ಎನಿಸಿ ನೋಡಿ, ‘ಸರಿ ಇದೆ’ ಎಂಬ ಚೀಟಿ ಅಂಟಿಸಿದಳು. ಆ ಚೀಟಿಯನ್ನು ನಾನು ಬಹಳ ದಿನ ನಂಬಿಕೊಂಡಿದ್ದೆ. ಒಂದೇ ಡಬ್ಬಿಯಲ್ಲಿ ನಾವು ಮೂವರು ಅಣ್ಣತಮ್ಮಂದಿರು ಹುಬ್ಬಳ್ಳಿಯ ಅಂಗಡಿಗೆ ಬಂದೆವು. ಅಲ್ಲಿಂದ ಬೆಟಗೇರಿಯ ಎಲೆಕ್ಟ್ರಿಶಿಯನ್ ದಾದಾಪೀರ ನಮ್ಮನ್ನು ಕೊಂಡು, ಬೈಕಿನ ಚೀಲಕ್ಕೆ ಹಾಕಿ ಒಂದು ಮನೆಗೆ ತಂದ.

ಮನೆ ಶೇಖಪ್ಪನದು. ಗದುಗಿನ ಒಂದು ಛಾಪಖಾನೆಯಲ್ಲಿ ಅವನ ಕೆಲಸ. ಬೆಳಿಗ್ಗೆ ಹೋದರೆ ಮನೆ ಸೇರುವುದು ಕತ್ತಲಾದ ಮೇಲೆ. ಹೆಂಡತಿ ದ್ರಾಕ್ಷಾಯಣಿ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿಯುತ್ತಿದ್ದಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳದು, ಮಾತೂ ಬಾರದು. ಎದುರಿನವರ ತುಟಿ ನೋಡಿ ತಿಳಿಯುತ್ತಾಳೆ, ಕೈಯಿಂದ ಹೇಳುತ್ತಾಳೆ. ಈ ಸೊಸೆಯನ್ನು ಹುಡುಕಿ ತಂದವಳು ಅತ್ತೆ ಬಸಲಿಂಗವ್ವ. “ನನ್ನ ಬಾಯಿ ಭಾಳ ಕೆಟ್ಟದೈತಿ. ಕೇಳಿಸದ ಸೊಸಿ ಸಿಕ್ಕಿದ್ದು ಅಕಿ ಪುಣ್ಯೇನೋ, ನನ್ನ ಪುಣ್ಯೇನೋ” ಎಂದು ಬಂದವರೆದುರು ನಗುತ್ತಿದ್ದಳು. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎನ್ನುವ ಮಾತು ಆ ಮನೆಯಲ್ಲಿ ಸುಳ್ಳಾಗಿತ್ತು.

ಆ ಮನೆಯಲ್ಲಿ ಕೂಗುವುದೆಂದರೆ ದೀಪ ಮಿಣುಕಿಸುವುದು. ಹೊಲಿಗೆಯ ಕೋಣೆಗೆ ಕಿಟಕಿ ಇಲ್ಲ, ಹಗಲಲ್ಲೂ ಟ್ಯೂಬ್‌ಲೈಟು ಉರಿಯಲೇಬೇಕು. ಅವಳನ್ನು ಕರೆಯಬೇಕಾದವರು ಬಾಗಿಲ ಬಳಿಯ ಸ್ವಿಚ್ಚನ್ನು ಪಟಪಟನೆ ಆರಿಸಿ ಹಚ್ಚುತ್ತಿದ್ದರು. ಅವಳು ಮಷಿನ್ ನಿಲ್ಲಿಸಿ ತಲೆ ಎತ್ತುತ್ತಿದ್ದಳು. ಗಂಡ, ಅತ್ತೆ, ಜಂಪರು ಒಯ್ಯಲು ಬಂದವರು, ಎಲ್ಲರಿಗೂ ಇದೇ ರೂಢಿ.

ಹೀಗಿರುವಾಗ ಬಸಲಿಂಗವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಬಚ್ಚಲಿಗೆ ಹತ್ತಿರವಾಗಲಿ ಎಂದು ಹಿಂದಿನ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿದರು. ಆದರೆ ಅಲ್ಲಿಂದ ಸೊಸೆಯನ್ನು ಕರೆಯುವುದು ಹೇಗೆ? ಹೊಲಿಗೆಯ ಕೋಣೆಯ ದೀಪಕ್ಕೆ ಅಲ್ಲಿ ಸ್ವಿಚ್ಚಿಲ್ಲ. ಅದಕ್ಕೇ ನಮ್ಮನ್ನು ತಂದದ್ದು.

“ಗ್ವಾಡಿ ಒಡದು ವೈರ್ ಎಳದ್ರ ಮನಿತುಂಬ ಧೂಳ ಆಗತೈತಿ, ಶೇಖಪ್ಪಣ್ಣ,” ಎಂದ ದಾದಾಪೀರ. “ಇವು ಗಾಳ್ಯಾಗ ಮಾತಾಡತಾವ. ಅಮ್ಮಾರು ಅಲ್ಲಿ ಒತ್ತಿದ್ರ ಇಲ್ಲಿ ದೀಪ ಮಿಣಕತೈತಿ.”

ನನ್ನನ್ನು ಹೊಲಿಗೆಯ ಕೋಣೆಯ ಬೋರ್ಡಿನ ಹಿಂದೆ ಕೂರಿಸಿ, ಟ್ಯೂಬ್‌ಲೈಟನ್ನು ನನ್ನ ಕೈಗೆ ಕೊಟ್ಟ. ಒಬ್ಬ ತಮ್ಮ ಬಸಲಿಂಗವ್ವನ ಮಂಚದ ಪಕ್ಕದ ಸ್ವಿಚ್ಚಿನ ಹಿಂದೆ ಸೇರಿದ. ಇನ್ನೊಬ್ಬನಿಗೆ ಮುಂಬಾಗಿಲ ಬಳಿ ಜಾಗ. ಹೊರಗೆ ಕಟ್ಟೆಯ ಮೇಲಿನ ಬಲ್ಬು ಅವನ ಪಾಲಿಗೆ. ಗೋಡೆಗೂ ಕಿವಿ ಇದೆ ಎನ್ನುತ್ತಾರಲ್ಲ, ಅದು ನಮ್ಮಂಥವರನ್ನು ಕಂಡೇ ಹುಟ್ಟಿದ ಮಾತಿರಬೇಕು. ನನಗೆ ಕಾಣದ್ದು ತಮ್ಮಂದಿರಿಗೆ ತಿಳಿಯುತ್ತಿತ್ತು, ಅವರಿಂದ ನನಗೆ.

ಮೊದಲ ದಿನಗಳು ಎಷ್ಟು ಚೆನ್ನಾಗಿದ್ದವು! ಬಸಲಿಂಗವ್ವ ಒತ್ತಿದಳೆಂದರೆ ನಾನು ಟಿಕ್ ಟಿಕ್ ಎನ್ನುವೆ, ದೀಪ ಮಿಣುಕುತ್ತದೆ, ದ್ರಾಕ್ಷಾಯಣಿ ಎದ್ದು ಹೋಗುತ್ತಾಳೆ. ಒಂದು ಮನೆಯ ಕೂಗು ನನ್ನ ಮೂಲಕ ಹೋಗುತ್ತಿದೆಯೆಂದು ನನಗೆ ಜಂಬ ಬಂದಿತ್ತು.

ಒಂದು ಭಾನುವಾರ ಶೇಖಪ್ಪ ಮೊಬೈಲ್ ಹಿಡಿದು ನಮ್ಮ ಸೆಟ್ಟಿಂಗ್ ನೋಡುತ್ತ ಕುಳಿತ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಎಂಬ ಗಾದೆ ಅವನಿಗೆ ಸರಿಯಾಗಿ ಒಪ್ಪುತ್ತಿತ್ತು. ಸ್ವಿಚ್ಚನ್ನು ಬೇಗ ಎರಡು ಸಲ ಒತ್ತಿದರೆ ಬೇರೆ ಕೆಲಸ ಮಾಡಿಸಬಹುದು ಎಂದು ಅವನಿಗೆ ಅಲ್ಲಿ ಕಂಡಿತು. ತಾನು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕತ್ತಲು, ಗಟಾರದ ಕಲ್ಲು ಕಾಣುವುದಿಲ್ಲ. ಹೆಂಡತಿ ಕೂತ ಕೋಣೆಯಿಂದಲೇ ಕಟ್ಟೆಯ ದೀಪ ಹಚ್ಚುವಂತಾದರೆ ಒಳ್ಳೆಯದಲ್ಲವೇ? ಎರಡು ಒತ್ತಿಗೆ ಕಟ್ಟೆಯ ದೀಪ ಎಂದು ಗುರುತು ಹಾಕಿದ. ಯಾವ ಸ್ವಿಚ್ಚಿಗೆ ಎಂದು ಮೊಬೈಲ್ ಕೇಳಿತು. ಇರಲಿ ಎಂದು ‘ಎಲ್ಲವೂ’ ಎಂದು ಒತ್ತಿದ. ಹೆಂಡತಿಗೆ ಕೈಸನ್ನೆಯಲ್ಲಿ ತಿಳಿಸಿದ. ತಾಯಿಗೆ ಹೇಳಲಿಲ್ಲ.

“ಅವ್ವಗ ಹೇಳಿದ್ರ ಸುಮ್ನ ತಲಿ ಕೆಡಿಸ್ಕೋತಾಳ,” ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಪಟಪಟನೆ ಆರಿಸಿ ಹಚ್ಚುವುದೆಂದರೆ ಎರಡು ಒತ್ತು ಎಂದು ಅವನಿಗೆ ಹೊಳೆಯಲಿಲ್ಲ. ಅವನನ್ನು ಬೈಯುವುದು ಹೇಗೆ? ಮದುವೆಯಾದಾಗಿನಿಂದ ಆ ಮನೆಯವರಿಗೆ ಅದು ಒಂದು ಕೂಗು, ಅಷ್ಟೇ. ಯಾರೂ ಅದನ್ನು ಎಣಿಸಿದವರಲ್ಲ. ಎಣಿಸುವವನು ನಾನು. ಅಂದಿನಿಂದ ಮಂಚದ ಸ್ವಿಚ್ಚಿನಿಂದ ಒಂದು ಒತ್ತು ಬಂದರೆ ನಾನು ಅರೆಕ್ಷಣ ಕಾಯಬೇಕಿತ್ತು. ಅಷ್ಟರಲ್ಲಿ ಇನ್ನೊಂದು ಬಾರದಿದ್ದರೆ ನನ್ನ ದೀಪವನ್ನು ಆರಿಸಬೇಕು ಅಥವಾ ಹಚ್ಚಬೇಕು. ಬಂದರೆ ನಾನು ಸುಮ್ಮನಿದ್ದು, ಮುಂಬಾಗಿಲ ತಮ್ಮನಿಗೆ ದಾಟಿಸಬೇಕು.

ಇದರಿಂದಾದ ಅನಾಹುತ ಕೇಳಿ. ಬಾಗಿಲ ಬಳಿ ನಿಂತವರಾದರೆ, ದೀಪ ಮಿಣುಕದಿದ್ದಾಗ ಎರಡು ಹೆಜ್ಜೆ ಒಳಗಿಟ್ಟು ಅವಳ ಭುಜ ತಟ್ಟಿದರಾಯಿತು; ಮಂಚದಲ್ಲಿದ್ದವಳಿಗೆ ಆ ದಾರಿ ಇಲ್ಲ. ಬಾಯಾರಿದಾಗ, ಬೇಸರವಾದಾಗ ಬಸಲಿಂಗವ್ವ ನಿಧಾನವಾಗಿ ಒತ್ತುತ್ತಿದ್ದಳು. ದೀಪ ಆರುವುದು, ತುಸು ತಡೆದು ಹತ್ತುವುದು, ಸೊಸೆ ಬರುವಳು. ಆದರೆ ಹೊಟ್ಟೆ ಕೆಟ್ಟಾಗ, ಬೆಡ್‌ಪ್ಯಾನು ತಕ್ಷಣ ಬೇಕಾದಾಗ ಅವಳ ಬೆರಳಿಗೆ ಅವಸರ. ಪಟಪಟ, ಪಟಪಟ. ಆಗ ನನ್ನ ಕೋಣೆಯಲ್ಲಿ ಟ್ಯೂಬ್‌ಲೈಟು ಕದಲದೆ ಉರಿಯುತ್ತಿತ್ತು. ಹೊರಗೆ ಕಟ್ಟೆಯ ಬಲ್ಬು ಹತ್ತುತ್ತಿತ್ತು, ಆರುತ್ತಿತ್ತು. ದ್ರಾಕ್ಷಾಯಣಿ ಸೂಜಿಯ ಕಡೆ ಕಣ್ಣಿಟ್ಟು ಹೊಲಿಯುತ್ತಲೇ ಇದ್ದಳು. ಆ ಮಷಿನ್ನಿನ ಸದ್ದು ಹಿಂದಿನ ಕೋಣೆಗೆ ಚೆನ್ನಾಗಿ ಕೇಳುತ್ತಿತ್ತು.

ಮೊದಲ ಸಲ ಹಾಸಿಗೆ ಹಾಳಾದಾಗ ಬಸಲಿಂಗವ್ವ ಅತ್ತಳು. ಸೊಸೆ ಬಂದು ನೋಡಿ, ಗಾಬರಿಯಾಗಿ, ಮೈ ಒರೆಸಿ ಸೀರೆ ಬದಲಿಸಿ, ‘ಯಾಕೆ ಕರೆಯಲಿಲ್ಲ?’ ಎಂದು ಕೈಯಲ್ಲಿ ಕೇಳಿದಳು. ಅದನ್ನು ಕಂಡು ಮುದುಕಿಗೆ ಮೈಯೆಲ್ಲ ಉರಿಯಿತು. ಮತ್ತೆ ಮತ್ತೆ ಹೀಗಾದ ಮೇಲೆ ಅವಳು ಮುಖವನ್ನು ಗೋಡೆಗೆ ತಿರುಗಿಸಿ ಮಲಗತೊಡಗಿದಳು. ತುಟಿ ಕಾಣದಿದ್ದರೆ ದ್ರಾಕ್ಷಾಯಣಿಗೆ ಮಾತೇ ಇಲ್ಲ. ಅವಳು ಮಂಚದ ಆ ಬದಿಗೆ ಹೋಗಿ ಬಗ್ಗಿ ನೋಡಿದರೆ ಮುದುಕಿ ಕಣ್ಣು ಮುಚ್ಚುತ್ತಿದ್ದಳು.

“ನೀರು ಕೇಳಿದ್ರ ಬರತಾಳ. ಹೊಲಸು ತಗೀಬೇಕಂದ್ರ ಬರೂದಿಲ್ಲ,” ಎಂದು ಬಂದವರೆದುರು ಹೇಳಿದಂತೆ ಮಗನ ಮುಂದೆಯೂ ಹೇಳಿದಳು. “ಮಷಿನ್ ಸಪ್ಪಳ ನನಗ ಕೇಳಸತೈತೋ. ನಾ ಒತ್ತಿ ಒತ್ತಿ ಕೈಬೆರಳ ಸೋತು ಬಿದ್ವು, ಅಕಿ ಹೊಲಿಯೂದು ನಿಂದರಲಿಲ್ಲ.”

ಶೇಖಪ್ಪ ಹೆಂಡತಿಯನ್ನು ಕೇಳಿದ. ಅತ್ತೆ ಕರೆದೇ ಇಲ್ಲ ಎಂದು ಅವಳು ಎದೆ ಮುಟ್ಟಿ ಹೇಳಿದಳು. ಅವನು ತಾನೇ ಪರೀಕ್ಷೆ ಮಾಡಿದ. ಮಂಚದ ಪಕ್ಕದ ಸ್ವಿಚ್ಚು ಒತ್ತಿ, ಬಾಗಿಲತನಕ ಬಂದು ದೀಪ ಆರಿದ್ದನ್ನು ನೋಡಿ, ಹಿಂತಿರುಗಿ ಮತ್ತೊಮ್ಮೆ ಒತ್ತಿದ. ದೀಪ ಹತ್ತಿತು. ಎಲ್ಲ ಸರಿ ಇದೆ! ಹಾಗಾದರೆ ಸುಳ್ಳು ಹೇಳುತ್ತಿರುವವಳು ಯಾರು? ಅಂದು ಅವನು ಹೆಂಡತಿಯನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ನಾನು ಒಳಗೇ ಬೆಂದುಹೋದೆ. ಪ್ರತಿ ಒತ್ತೂ ನನ್ನ ನೆನಪಿನಲ್ಲಿತ್ತು. ಹಗಲು ಹೊತ್ತಿನಲ್ಲಿ ಕಟ್ಟೆಯ ದೀಪವನ್ನು ಒಂದೇ ಸಮನೆ ಹಚ್ಚಿ ಆರಿಸುವ ಹುಚ್ಚು ಯಾವ ಮುದುಕಿಗೂ ಇರುವುದಿಲ್ಲ, ಅದು ಕೂಗು ಎಂದು ಎರಡನೆಯ ದಿನವೇ ನನಗೆ ಗೊತ್ತಾಗಿತ್ತು. ಆದರೂ ಹೇಳಿದ್ದನ್ನು ಮೀರಿ ಒಂದೇ ಒಂದು ಸಲವೂ ಟ್ಯೂಬ್‌ಲೈಟನ್ನು ಮಿಣುಕಿಸಲಿಲ್ಲ. ನನಗೆ ಆಗುತ್ತಿರಲಿಲ್ಲ ಎಂಬುದು ನಿಜ. ಆ ನಿಜದಿಂದ ನನಗೆ ಸಮಾಧಾನವಿಲ್ಲ.

ಎದುರುಮನೆಯಾಕೆ ಶೇಖಪ್ಪನಿಗೆ ಹೇಳಿದ್ದಳು, “ನಿಮ್ಮ ಕಟ್ಟಿ ದೀಪ ಹಗಲಿ ಹತ್ತತೈತಿ, ಆರತೈತಿ. ಏನೋ ಲೂಸ್ ಆಗೇತಿ ನೋಡ್ರಿ.” ಅವನು ದಾದಾಪೀರನಿಗೆ ಹೇಳೋಣ ಎಂದುಕೊಂಡು ಮರೆತ.

ಕೊನೆಗೆ ಬಸಲಿಂಗವ್ವ ಹಟ ಹಿಡಿದಳು. “ನನ್ನ ಮುಂಡರಗಿಗೆ ಕಳಸು. ಮಗಳ ಮನ್ಯಾಗ ಸಾಯತೇನಿ. ಈ ಮನ್ಯಾಗ ಹೊಲಸಿನ್ಯಾಗ ಬಿದ್ದು ಸಾಯಾಂಗಿಲ್ಲ.” ಮಗ ಒಪ್ಪಿದ. ಮರುದಿನ ಬೆಳಿಗ್ಗೆಗೆ ಗಾಡಿಗೂ ಹೇಳಿದ. ದ್ರಾಕ್ಷಾಯಣಿ ಅತ್ತೆಯ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ತನ್ನನ್ನು ಹುಡುಕಿ ತಂದವಳು ತನ್ನ ಮುಖ ನೋಡದೆ ಹೋಗುತ್ತಿದ್ದಾಳೆ, ಕಾರಣ ತಿಳಿಯದು.

ಆ ಸಂಜೆ ಅವಳು ಹೊಲಿದ ಜಂಪರು ಕೊಡಲು ಎದುರುಮನೆಗೆ ಹೋದಳು. ಅದೇ ಹೊತ್ತಿಗೆ ಮುದುಕಿಗೆ ಅವಸರವಾಯಿತು. ಅಭ್ಯಾಸಬಲ, ಕೈ ಸ್ವಿಚ್ಚಿಗೆ ಹೋಯಿತು. ಪಟಪಟ. ಪಟಪಟ. ಪಟಪಟ.

ದ್ರಾಕ್ಷಾಯಣಿ ಎದುರುಮನೆಯ ಮೆಟ್ಟಿಲಿಳಿದು ತಲೆ ಎತ್ತಿದಳು. ತನ್ನ ಮನೆಯ ಕಟ್ಟೆಯ ದೀಪ ಹತ್ತಿತು, ಆರಿತು, ಹತ್ತಿತು. ಓಣಿಯಲ್ಲಿ ಹತ್ತಾರು ಜನ ಓಡಾಡುತ್ತಿದ್ದರು. ಅವರ ಪಾಲಿಗೆ ಅದು ಕೆಟ್ಟ ಬಲ್ಬು. ಅವಳಿಗೆ ಅದು ತನ್ನ ಹೆಸರು. ಮನೆಯಲ್ಲಿ ಸ್ವಿಚ್ಚು ಒತ್ತಬಲ್ಲವರು ಅತ್ತೆಯೊಬ್ಬಳೇ ಎಂದು ಅವಳಿಗೆ ಗೊತ್ತಿತ್ತು; ಎರಡು ಒತ್ತಿಗೆ ಕಟ್ಟೆಯ ದೀಪ ಎಂದು ಗಂಡ ಹೇಳಿದ್ದೂ ನೆನಪಿತ್ತು. ನಡುಬೀದಿಯಲ್ಲಿ ಬಾಯಿ ಮೇಲೆ ಕೈಯಿಟ್ಟು ನಿಂತವಳು ಮರುಕ್ಷಣ ಓಡಿದಳು.

ಆ ಸಲ ಬೆಡ್‌ಪ್ಯಾನು ಹೊತ್ತಿಗೆ ಸರಿಯಾಗಿ ಸಿಕ್ಕಿತು. ಅದನ್ನು ತೆಗೆದಿಟ್ಟು ಕೈ ತೊಳೆದು, ಅವಳು ಹೊಲಿಗೆಯ ಕೋಣೆಯ ಗೋಡೆಯಲ್ಲಿದ್ದ ಕನ್ನಡಿಯನ್ನು ಕಿತ್ತು ತಂದಳು. ಜಂಪರು ತೊಟ್ಟು ನೋಡುವವರಿಗೆಂದು ಇದ್ದ ದೊಡ್ಡ ಕನ್ನಡಿ ಅದು. ಮುಂಬಾಗಿಲು ತೆರೆದು, ಮಂಚದಿಂದ ಕಟ್ಟೆ ಕಾಣುವಂತೆ ನಡುಮನೆಯಲ್ಲಿ ಅದನ್ನು ಓರೆಯಾಗಿ ಹಿಡಿದು ನಿಂತಳು. ಶೇಖಪ್ಪ ಅಷ್ಟರಲ್ಲಿ ಬಂದ. ಅವನ ಕೈಗೆ ಕನ್ನಡಿ ಕೊಟ್ಟು ಕದಲಬೇಡ ಎಂದು ಸನ್ನೆ ಮಾಡಿ, ಅತ್ತೆಯ ಗಲ್ಲ ಹಿಡಿದು ಮುಖವನ್ನು ಇತ್ತ ತಿರುಗಿಸಿದಳು. ಮುದುಕಿಯ ಬೆರಳನ್ನು ಸ್ವಿಚ್ಚಿನ ಮೇಲಿಟ್ಟು ಪಟಪಟನೆ ಒತ್ತಿಸಿದಳು. ಕನ್ನಡಿಯಲ್ಲಿ ಕಟ್ಟೆಯ ದೀಪ ಆರಿತು. ಮತ್ತೆ ಒತ್ತಿಸಿದಳು. ಹತ್ತಿತು. ಆಮೇಲೆ ಹೊಲಿಗೆಯ ಕೋಣೆಯ ಕಡೆ ಕೈ ತೋರಿಸಿದಳು. ಅಲ್ಲಿ ನನ್ನ ದೀಪ ಕಲ್ಲಿನಂತೆ ಕದಲದೆ ಉರಿಯುತ್ತಿದ್ದುದು ಶೇಖಪ್ಪನಿಗೆ ಕಂಡಿತು.

ಬಸಲಿಂಗವ್ವ ತಾನೇ ಇನ್ನೊಮ್ಮೆ ಪಟಪಟನೆ ಒತ್ತಿ ಕನ್ನಡಿ ನೋಡಿದಳು. “ಯವ್ವಾ, ಇಷ್ಟ ದಿನ ನಾ ಕರದದ್ದು ಅಲ್ಲಿ ಹೋಗತಿತ್ತಾ?” ಎಂದಳು. ಸೊಸೆಯ ಕಡೆ ಪೂರ್ತಿ ಮುಖ ತಿರುಗಿಸಿ, ತುಟಿ ಸ್ಪಷ್ಟವಾಗಿ ಕಾಣುವಂತೆ ಹೇಳಿದಳು, “ನಿನಗ ಭಾಳ ಕೆಟ್ಟ ಅಂದೆ. ಬಂದವರ ಮುಂದೆಲ್ಲಾ ಅಂದೆ.” ದ್ರಾಕ್ಷಾಯಣಿ ಅದನ್ನು ಓದಿ ಮಂಚದ ಅಂಚಿಗೆ ಹಣೆ ಹಚ್ಚಿ ಅತ್ತಳು. ಶೇಖಪ್ಪ ಕನ್ನಡಿ ಹಿಡಿದುಕೊಂಡೇ ನಿಂತಿದ್ದ. ಅವನು ಕ್ಷಮೆ ಕೇಳಬೇಕಾದ್ದು ಹೆಂಡತಿಯ ಹತ್ತಿರ, ಕೈಗಳೆರಡೂ ಕನ್ನಡಿಯಲ್ಲಿ ಸಿಕ್ಕಿಕೊಂಡಿದ್ದವು.

ಬೆಳಿಗ್ಗೆ ಬಂದ ಗಾಡಿ ಖಾಲಿ ಹೋಯಿತು. ಬಸಲಿಂಗವ್ವ ಮಲಗಿದಲ್ಲಿಂದಲೇ ಅಪ್ಪಣೆ ಕೊಟ್ಟಳು, “ಆ ಮಷಿನ್ ತಂದು ನನ್ನ ಮಂಚದ ಬಾಜೂಕ ಇಡು.” ಶೇಖಪ್ಪ ಹೊಲಿಗೆ ಮಷಿನ್ನು, ಕತ್ತರಿ, ಬಟ್ಟೆಯ ಗಂಟು ಎಲ್ಲವನ್ನೂ ಹಿಂದಿನ ಕೋಣೆಗೆ ಸಾಗಿಸಿದ. ಈಗ ಮುದುಕಿಗೆ ಏನಾದರೂ ಬೇಕಾದರೆ ಕೈ ಚಾಚಿ ಸೊಸೆಯ ಸೆರಗು ಜಗ್ಗುತ್ತಾಳೆ. ಜಗ್ಗುವ ಮೊದಲೇ ಎಷ್ಟೋ ಸಲ ದ್ರಾಕ್ಷಾಯಣಿ ತಿರುಗಿ ನೋಡಿರುತ್ತಾಳೆ.

ಮಷಿನ್ ಸಾಗಿಸಿದ ಮೇಲೆ ಶೇಖಪ್ಪ ಮೊಬೈಲ್ ತೆಗೆದು ಎರಡು ಒತ್ತಿನ ಗುರುತನ್ನು ಅಳಿಸಿದ. ಸರಿಹೋಯಿತೋ ಇಲ್ಲವೋ ಎಂದು ಮಂಚದ ಪಕ್ಕದ ಸ್ವಿಚ್ಚನ್ನು ಪಟಪಟನೆ ಒತ್ತಿ ನೋಡಿದ. ನಾನು ಅರೆಕ್ಷಣವೂ ಕಾಯಲಿಲ್ಲ. ಟಿಕ್ ಟಿಕ್ ಎಂದೆ. ಟ್ಯೂಬ್‌ಲೈಟು ಆರಿ ಹತ್ತಿತು, ಯಾರ ಕಣ್ಣಿಗೂ ತಪ್ಪದಷ್ಟು ಸ್ಪಷ್ಟವಾಗಿ. ಕೆಳಗೆ ಮಷಿನ್ನಿನ ಕಾಲಿನ ಗುರುತು ಬಿದ್ದ ನೆಲವಿತ್ತು, ಒಂದೆರಡು ದಾರದ ತುಂಡುಗಳಿದ್ದವು. ತಲೆ ಎತ್ತಿ ನೋಡುವವರು ಯಾರೂ ಇರಲಿಲ್ಲ.