ದೊಡ್ಡಪ್ಪನ ಬಿಳಿ ಮೂತಿ

ಬಾಡಿಗೆ ಮನೆ ಖಾಲಿ ಮಾಡುವವರನ್ನು ನೀವೂ ನೋಡಿರುತ್ತೀರಿ. ಮಂಚ ಹೋಗುತ್ತದೆ, ಬೀರು ಹೋಗುತ್ತದೆ, ಒಡೆದ ಬಕೆಟ್ಟೂ ಬಿಡದೆ ಲಾರಿ ಹತ್ತುತ್ತದೆ. ಅಷ್ಟು ವರ್ಷ ಮನೆ ಕಾಯ್ದ ಮುದಿ ನಾಯಿ ಮಾತ್ರ ಗೇಟಿನ ಹೊರಗೆ ಉಳಿಯುತ್ತದೆ. ಒಂದು ಬೀದಿಯಲ್ಲಿ ಹಾಗೇ ಆಯಿತು. ನಾಯಿ ಬೀಗ ಹಾಕಿದ ಗೇಟನ್ನೇ ನೋಡುತ್ತ ಕೂತಿತ್ತು. ಕೊನೆಗೆ ಹಸಿವು ತಡೆಯಲಾರದೆ ಎದುರಿನ ಕಟಿಂಗ್ ಶಾಪಿನ ಮೆಟ್ಟಿಲಿಗೆ ಬಂದು ಮಲಗಿತು.

ಶಾಪು ಮುಂದೆ, ಮನೆ ಹಿಂದೆ. ಶಾಪಿನವನನ್ನು ಬೀದಿಯವರೆಲ್ಲ ಮಾಸ್ಟರ್ ಅನ್ನುತ್ತಿದ್ದರು. ಅವನ ಹೆಂಡತಿ ಅನ್ನಕ್ಕೆ ಮೊಟ್ಟೆ ಕಲಸಿ ತಂದಿಟ್ಟಳು. ನಾಯಿ ತಿಂದು ಮುಗಿಸಿ, ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟು ಗೋಡೆಗೆ ಒರಗಿತು.

"ಥೇಟ್ ನಮ್ಮ ದೊಡ್ಡಪ್ಪನೇ ರೀ," ಅಂದಳು. ಅಂದಿನಿಂದ ಅದರ ಹೆಸರು ದೊಡ್ಡಪ್ಪ.

"ಇರೋ ದೊಡ್ಡಪ್ಪಂದಿರನ್ನೇ ಸಂಭಾಳಿಸೋಕೆ ಆಗ್ತಿಲ್ಲ ನನಗೆ. ಊಟ ಬೇಕಾದ್ರೆ ಹಾಕು, ಮನೆಗೆ ಮಾತ್ರ ಸೇರಿಸ್ಬೇಡ," ಅಂದ ಮಾಸ್ಟರ್.

"ಯಾಕೆ, ಕಚ್ಚುತ್ತಾ?"

"ಕಚ್ಚಲ್ಲ. ಸಾಯುತ್ತೆ. ನೀನು ಅದನ್ನ ಹಚ್ಕೊಳ್ತೀಯ, ಅದು ವರ್ಷವೋ ಎರಡು ವರ್ಷವೋ ಇದ್ದು ಹೋಗುತ್ತೆ. ಆಮೇಲೆ ಊಟ ನಿದ್ದೆ ಬಿಟ್ಟು ಕೂರೋಳು ನೀನೇ."

ಹೆಂಡತಿ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹಿಂದೆ ಸಾಕಿದ ನಾಯಿ ಸತ್ತಾಗ ಊಟ ನಿದ್ದೆ ಬಿಟ್ಟವನು ಅವನೇ ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಪಶು ಆಸ್ಪತ್ರೆಯ ಅಂಗಳದಲ್ಲಿ ಆಗಾಗ ದತ್ತು ಮೇಳ ನಡೆಯುತ್ತಿತ್ತು. ದಿಕ್ಕಿಲ್ಲದ ನಾಯಿಗಳನ್ನು ಜನ ಬಂದು ನೋಡಿ, ಮೆಚ್ಚಿದ್ದನ್ನು ಕರೆದುಕೊಂಡು ಹೋಗಬಹುದು. ಮಾಸ್ಟರ್ ದೊಡ್ಡಪ್ಪನನ್ನೂ ಕರೆದೊಯ್ದ. ಬಂದವರು ಬೆನ್ನು ಸವರಿದರು, ಒಳ್ಳೆ ನಾಯಿ ಅಂದರು, ಬಿಳಿಯಾದ ಮೂತಿ ಕಂಡ ಕೂಡಲೇ ಮೂಗು ಮುರಿದು ಮರಿಗಳ ಕಡೆ ನಡೆದರು. ಸಂಜೆ ಅದನ್ನು ವಾಪಸ್ ಕರೆತರುವಾಗ ಮಾಸ್ಟರನಿಗೆ ತನ್ನನ್ನೇ ಯಾರೋ ಬೇಡವೆಂದಷ್ಟು ಅವಮಾನವಾಗಿತ್ತು.

ಆಗಲೇ ಅವನ ತಲೆಯಲ್ಲಿ ಒಂದು ಉಪಾಯ ಓಡಿತು. ನರೆತ ತಲೆ ಹೊತ್ತು ಬಂದವರನ್ನು ಹೊಸ ಅಳಿಯನ ಹಾಗೆ ಮಾಡಿ ಕಳಿಸುವುದೇ ಅವನ ಕಸುಬು. ಅಂಥವನಿಗೆ ಒಂದು ನಾಯಿಯ ಮೂತಿ ಯಾವ ಲೆಕ್ಕ?

ಮುಂದಿನ ಮೇಳದ ದಿನ, ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ದೊಡ್ಡಪ್ಪನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದ. ಬಟ್ಟಲಲ್ಲಿ ಕಪ್ಪು ಡೈ ಕಲಸಿ, ಮೂತಿಗೂ ಹುಬ್ಬಿಗೂ ಬ್ರಷ್ಷಿನಲ್ಲಿ ನೀಟಾಗಿ ಹಚ್ಚಿದ. ನಾಯಿ ಅಲ್ಲಾಡದೆ ಕೂತಿತ್ತು. ಇಷ್ಟು ಒಳ್ಳೆಯ ಗಿರಾಕಿ ತನಗೆ ಈ ತಿಂಗಳು ಸಿಕ್ಕಿರಲಿಲ್ಲ ಎಂದು ಅವನಿಗೆ ನಗುವೂ ಬಂತು.

ಗಿರಾಕಿಗಳು ಡೈ ನೆಕ್ಕುವುದಿಲ್ಲ. ನಾಯಿ ನೆಕ್ಕಿತು.

ಸ್ವಲ್ಪ ಹೊತ್ತಿಗೆ ತುಟಿ ಊದಿಕೊಂಡಿತು. ಕಣ್ಣು ಕೆಂಪಾಯಿತು. ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಮುಖ ಕೆರೆದುಕೊಳ್ಳತೊಡಗಿತು. ಹೆಂಡತಿ ಒದ್ದೆ ತಲೆಯಲ್ಲೇ ಓಡಿ ಬಂದಳು.

"ಏನು ಹಚ್ಚಿದ್ರಿ ಅದಕ್ಕೆ?"

"ಡೈ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಮೇಲಿತ್ತು. ಮೂತಿಗೆ ನೀರು ಹೊಯ್ದು, ಆಟೋ ಹಿಡಿದು, ಇಬ್ಬರೂ ಪಶು ಆಸ್ಪತ್ರೆಗೆ ಓಡಿದರು. ದಾರಿಯುದ್ದಕ್ಕೂ ಮಾಸ್ಟರನ ಜೀವ ಬಾಯಿಗೆ ಬಂದಿತ್ತು.

ಡಾಕ್ಟರಮ್ಮ ಅದರ ಕಣ್ಣು ಬಾಯಿ ಮತ್ತೆ ತೊಳೆದರು, ಇಂಜೆಕ್ಷನ್ ಕೊಟ್ಟರು, ಕಾಲಿಗೆ ಡ್ರಿಪ್ ಹಾಕಿದರು. "ಬೇಗ ತಂದಿದ್ದು ಒಳ್ಳೇದಾಯ್ತು. ಹೊಟ್ಟೆಗೆ ಎಷ್ಟು ಹೋಗಿದೆಯೋ, ಕಾದು ನೋಡೋಣ. ಅಣ್ಣ, ಮನುಷ್ಯರ ಡೈ ನಾಯಿಗೆ ವಿಷ. ನಾವು ತಗೊಳ್ಳೋ ನೋವಿನ ಮಾತ್ರೆನೂ ಅಷ್ಟೇ, ಕೇಳದೆ ಕೊಡಬಾರದು."

"ಚಿಕ್ಕ ವಯಸ್ಸಿಂದು ಅಂತ ಕಂಡ್ರೆ ಯಾರಾದ್ರೂ ಒಯ್ತಾರೆ ಅಂತ ಮಾಡ್ದೆ ಮೇಡಂ."

"ಒಯ್ದು ಏನು ಮಾಡ್ತಿದ್ರು? ಮಹಡಿ ಹತ್ತಿಸ್ತಿದ್ರು, ಓಡಿಸ್ತಿದ್ರು. ಇದಕ್ಕೆ ಸೊಂಟದಲ್ಲಿ ನೋವಿದೆ. ಸೋಮಾರಿ ನಾಯಿ ಅಂತ ಮತ್ತೆ ಬೀದಿಗೆ ಬಿಡ್ತಿದ್ರು. ವಯಸ್ಸು ಗೊತ್ತಿದ್ರೆ ತಾನೇ ಅದಕ್ಕೆ ತಕ್ಕ ಹಾಗೆ ನೋಡ್ಕೊಳ್ಳೋದು?"

"ನೋಡ್ಕೊಳ್ಳೋದು ಅಂದ್ರೆ, ದಿನಾ ಇಲ್ಲಿಗೆ ಹೊತ್ಕೊಂಡು ಬರ್ಬೇಕಾ?"

"ದಿನಾ ಯಾಕೆ? ವರ್ಷಕ್ಕೆ ಎರಡು ಸಲ ತೋರಿಸಿ, ಹಲ್ಲು ನೋಡಿಸಿ, ಲಸಿಕೆ ತಪ್ಪಿಸ್ಬೇಡಿ. ಮೆತ್ತಗಿನ ಊಟ ಹಾಕಿ. ಜಾರದ ಕಡೆ ಒಂದು ದಪ್ಪ ಹಾಸಿಗೆ. ಹೊರಗೆ ನಿಧಾನಕ್ಕೆ ಒಂದು ಸುತ್ತು. ಊಟ ಬಿಟ್ರೆ, ನೀರು ವಿಪರೀತ ಕುಡಿದ್ರೆ ಮಾತ್ರ ತಡ ಮಾಡ್ಬೇಡಿ."

ಹೆಂಡತಿ ಕೇಳಿದಳು, "ಈ ವಯಸ್ಸಲ್ಲಿ ಹೊಸ ಮನೆಗೆ ಹೊಂದಿಕೊಳ್ಳುತ್ತಾ ಮೇಡಂ?"

"ಎಷ್ಟೋ ಸಲ ಮರಿಗಿಂತ ಸಲೀಸು ಅಮ್ಮ. ಚಪ್ಪಲಿ ಕಡಿಯೋ ಕಾಲ ಮುಗಿದಿರುತ್ತೆ. ಮನೇಲಿ ಬೆಳೆದದ್ದಾದ್ರೆ ಎಲ್ಲಿ ಗಲೀಜು ಮಾಡಬಾರದು ಅಂತ ಗೊತ್ತಿರುತ್ತೆ. ಮೊದಮೊದಲು ಹೆದರುತ್ತೆ. ಒಂದು ಮೂಲೆ ಕೊಟ್ಟು ಅದರ ಪಾಡಿಗೆ ಬಿಡಿ, ತಾನಾಗೇ ಬರುತ್ತೆ."

ಮಾಸ್ಟರ್ ದೊಡ್ಡಪ್ಪನ ಬೆನ್ನ ಮೇಲೆ ಕೈಯಿಟ್ಟ. "ಎಲ್ಲ ಸರಿ ಮೇಡಂ. ಹಚ್ಕೊಂಡ ಮೇಲೆ ಹೋಗಿಬಿಟ್ರೆ?"

"ಹೋಗುತ್ತೆ ಅಣ್ಣ. ಯಾವತ್ತು ಅಂತ ನನಗೂ ಗೊತ್ತಿಲ್ಲ. ನೀವು ಸೇರಿಸಿಕೊಂಡ್ರೂ ಹೋಗುತ್ತೆ, ಬಿಟ್ರೂ ಹೋಗುತ್ತೆ. ಅಲ್ಲಿವರೆಗೆ ಅದು ಯಾರದೋ ಗೇಟಿನ ಮುಂದೆ ಇರಬೇಕಾ, ಮನೆ ಒಳಗಾ, ಅಷ್ಟು ಮಾತ್ರ ನಮ್ಮ ಕೈಲಿರೋದು."

ಮಧ್ಯಾಹ್ನದ ಹೊತ್ತಿಗೆ ಊತ ಇಳಿಯಿತು. ದೊಡ್ಡಪ್ಪ ಎದ್ದು ಕೂತು, ಬಟ್ಟಲಿನ ನೀರು ಕುಡಿದು, ತನ್ನ ಎಂದಿನ ನಿಟ್ಟುಸಿರು ಬಿಟ್ಟ. "ಗಂಡಾಂತರ ಕಳೀತು," ಅಂದರು ಡಾಕ್ಟರಮ್ಮ. ಮಾಸ್ಟರನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಅವನು ಮುಚ್ಚಿಡಲೂ ಇಲ್ಲ. ಬೆಳಗಿನಿಂದ ಅವನ ಜೊತೆ ಮಾತು ಬಿಟ್ಟಿದ್ದ ಹೆಂಡತಿ ತನ್ನ ಸೆರಗಿನಲ್ಲೇ ಅವನ ಮುಖ ಒರೆಸಿದಳು.

ಹೊರಗೆ ಮೇಳ ನಡೆದೇ ಇತ್ತು. ಜಗಲಿಯಲ್ಲಿ ಮಲಗಿದ್ದ ದೊಡ್ಡಪ್ಪನ ಮುಂದೆ ಒಬ್ಬರು ಟೈಲರ್ ಅಕ್ಕ ಬಂದು ನಿಂತರು. ವಯಸ್ಸಾದವರು, ಒಬ್ಬರೇ ಇರುವವರು.

"ಇದನ್ನ ಕೊಡ್ತೀರಾ ಅಣ್ಣ? ಮರಿ ಹಿಂದೆ ಓಡೋಕೆ ನನಗೆ ಮಂಡಿ ಇಲ್ಲ. ದಿನವೆಲ್ಲ ಮಿಷನ್ ಮುಂದೆ ಕೂತಿರ್ತೀನಿ. ಜೊತೆಗೆ ಹೀಗೆ ಕೂರೋ ನಾಯಿನೇ ಬೇಕು."

ಯಾರಾದರೂ ಒಯ್ಯಲಿ ಎಂದು ಅವನು ಪಟ್ಟ ಪಾಡೆಲ್ಲ ಈ ಮಾತಿಗೇ ತಾನೇ? ಕುಣಿದಾಡಬೇಕಿತ್ತು. ಅದರ ಬದಲು, "ಗೊರಕೆ ಹೊಡೆಯುತ್ತೆ ಅಕ್ಕ," ಅಂದ.

"ನಾನೂ ಹೊಡೀತೀನಿ."

"ಒಂದು ಕಿವಿ ಸರಿಯಾಗಿ ಕೇಳಲ್ಲ. ಊಟದಲ್ಲಿ ಮೊಟ್ಟೆ ಇಲ್ಲದಿದ್ರೆ ಮುಖ ತಿರುಗಿಸುತ್ತೆ. ಸೊಂಟ ನೋವು ಬೇರೆ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ಕೊಡೋಕೆ ಬಂದವರು ಹೀಗಾ ರೀ ಮಾತಾಡೋದು?"

"ಕೊಡೋಕೆ ಬಂದವರು ಯಾರು?" ಅಂದ ಮಾಸ್ಟರ್, ನಾಯಿಯ ಪಕ್ಕದಲ್ಲಿ ನೆಲಕ್ಕೇ ಕೂತು. "ಇದು ನಮ್ಮನೇದು."

ಟೈಲರ್ ಅಕ್ಕನಿಗೆ ಬೇಸರವಾಗದಿರಲೆಂದು ಡಾಕ್ಟರಮ್ಮ ಅವರನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಕಂದು ಬಣ್ಣದ ಮುದಿ ಹೆಣ್ಣು ನಾಯಿ ಇತ್ತು. ಅದನ್ನು ನೋಡಲು ಇಷ್ಟು ದಿನ ಯಾರೂ ಅಲ್ಲಿವರೆಗೆ ಬಂದಿರಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕೂತರು. ನಾಯಿ ಕುಂಟುತ್ತ ಬಂದು ಅವರ ಮಡಿಲಲ್ಲಿ ಗದ್ದವಿಟ್ಟಿತು. ಆಯ್ಕೆ ಮಾಡಿದ್ದು ಯಾರು ಯಾರನ್ನು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಓದುಗ ಬಂಧುಗಳೇ, ಮನೆ ಬದಲಿಸುವಾಗ ನಿಮ್ಮ ನಾಯಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಯ್ಯಲು ಆಗದೇ ಇದ್ದರೆ ಮೊದಲೇ ಅದಕ್ಕೊಂದು ಮನೆ ಹುಡುಕಿ. ಅದರ ವಯಸ್ಸು, ಕಾಯಿಲೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ. ಬೀದಿಯಲ್ಲಿ ಬಿಟ್ಟ ಮುದಿ ನಾಯಿ ಕಂಡರೆ ಪಶು ಆಸ್ಪತ್ರೆಗೆ ತಿಳಿಸಿ. ನಾಯಿ ಸಾಕುವ ಮನಸ್ಸಿದ್ದರೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಮುಂದೆ ಆಡುವ ಮರಿಗಳನ್ನು ಬೇಕಾದಷ್ಟು ಮುದ್ದು ಮಾಡಿ. ಆಮೇಲೆ, "ಹಿಂದೆ ವಯಸ್ಸಾದವು ಯಾವುದಾದರೂ ಇವೆಯಾ?" ಎಂದು ಒಂದು ಮಾತು ಕೇಳಿ.