ನಲವತ್ತೊಂದು ಪುಟದ ಹಟ

ಲಿಫ್ಟ್ ರಿಪೇರಿ ಮಾಡುವ ಹೆಂಗಸನ್ನು ಜನ ಲಿಫ್ಟಕ್ಕ ಎನ್ನದೆ ಇನ್ನೇನು ಅಂದಾರು? ಹದಿನಾರು ವರ್ಷದಿಂದ ಊರಿನ ಅರ್ಧ ಲಿಫ್ಟುಗಳ ನಾಡಿ ಹಿಡಿದವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅಂಥವಳ ಮುಂದೆ ಡಾಕ್ಟರು, "ನಿಮ್ಮ ತಂಗಿಗೆ ಏನೂ ಆಗಿಲ್ಲಮ್ಮ, ಎಲ್ಲಾ ಮನಸ್ಸಿಂದು. ಈ ಮಾತ್ರೆ ಕೊಡಿ, ನಿದ್ದೆ ಮಾಡ್ಲಿ" ಎಂದುಬಿಟ್ಟರು. ಅದೂ ಮೂರನೇ ಸಲ.

ತಂಗಿ ಶಾಲೆಯಲ್ಲಿ ಚಿತ್ರಕಲೆ ಟೀಚರು. ಐದು ತಿಂಗಳಿಂದ ಸುಸ್ತು, ತಲೆಸುತ್ತು, ವಾಕರಿಕೆ. ಒಂಬತ್ತು ಕೆಜಿ ಇಳಿದು ಕಡ್ಡಿಯಾಗಿದ್ದಳು. "ಅಕ್ಕಾ, ನಾನೇ ನಾಟಕ ಆಡ್ತಿದೀನೇನೋ" ಎಂದು ಅವಳು ಮೆಲ್ಲಗೆ ಅಂದಾಗ ಲಿಫ್ಟಕ್ಕ ಮಾತ್ರೆ ಚೀಟಿಯನ್ನು ಮುದುರಿ ಪಕ್ಕಕ್ಕೆಸೆದಳು. ಕಾಯಿಲೆ ಹಾಗಿರಲಿ, ಹುಡುಗಿ ತನ್ನ ಮೈಯನ್ನೇ ನಂಬದ ಹಾಗೆ ಮಾಡಿಟ್ಟಿದ್ದರಲ್ಲ! ಹೀಗೇ ಬಿಟ್ಟರೆ ತಂಗಿ ಕೈಗೆ ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಲಿಫ್ಟಕ್ಕನ ಲ್ಯಾಪ್‌ಟಾಪಿನಲ್ಲಿ ಅವಳೇ ಕಟ್ಟಿಕೊಂಡ ಒಂದು ವಿಕಿ, ಅಂದರೆ ಮಾಹಿತಿ ಪುಟಗಳ ಕಂತೆ, ಇತ್ತು. ಲಿಫ್ಟು ಕೆಡುವ ಒಂದೊಂದು ಬಗೆಗೂ ಒಂದೊಂದು ಪುಟ, ಪುಟದಲ್ಲಿ ಲಕ್ಷಣಗಳ ಪಟ್ಟಿ. ಕಂಡ ಲಕ್ಷಣಕ್ಕೆ ಟಿಕ್ ಹಾಕುತ್ತ ಹೋದರೆ ಹೊಂದದ ಪುಟಗಳು ಮರೆಯಾಗಿ ಹೊಂದುವವು ಮಾತ್ರ ಉಳಿಯುತ್ತಿದ್ದವು. ಅದೇ ಅಚ್ಚಿನಲ್ಲಿ ಈಗ ಕಾಯಿಲೆಗಳ ಪಟ್ಟಿ ಮಾಡಲು ಕೂತಳು. ಗ್ರಂಥಾಲಯದಿಂದ ದಿಂಬಿನಷ್ಟು ದಪ್ಪದ ವೈದ್ಯ ಪುಸ್ತಕ ತಂದು, ಎರಡು ವಾರ ರಜೆ ಹಾಕಿ, ಸುಸ್ತು ತರುವ ನಲವತ್ತೊಂದು ಕಾಯಿಲೆಗೆ ನಲವತ್ತೊಂದು ಪುಟ ಬರೆದಳು.

"ನಿನಗೇನು ತಲೆ ಕೆಟ್ಟಿದೆಯಾ? ಅವರು ಓದಿದೋರು, ನೀನು ಸ್ಪ್ಯಾನರ್ ಹಿಡಿಯೋಳು" ಎಂದು ಅಮ್ಮ ರೇಗಿದಳು.

"ಸ್ಪ್ಯಾನರ್ ಹಿಡಿಯೋಳು ಲಿಫ್ಟಿಗೆ 'ನಿಂದೆಲ್ಲಾ ಮನಸ್ಸಿಂದು' ಅಂತ ಹೇಳಿ ಮನೆಗೆ ಬರೋ ಹಾಗಿಲ್ಲಮ್ಮ!"

ಮೊದಲ ಸಲ ಟಿಕ್ ಹಾಕಿದಾಗ ಹತ್ತೊಂಬತ್ತು ಪುಟ ಉಳಿದವು. ಅಷ್ಟನ್ನೂ ಹೊತ್ತುಕೊಂಡು ಹೋದರೆ ಡಾಕ್ಟರು ನಗದೆ ಇರುತ್ತಾರೆಯೇ? ಆಗ ತನ್ನ ತಪ್ಪು ಹೊಳೆಯಿತು. ತಂಗಿ ಬಾಯಿಬಿಟ್ಟು ಹೇಳಿದ ದೂರುಗಳನ್ನಷ್ಟೇ ಬರೆದಿದ್ದಳು. ಲಿಫ್ಟಿನ ವಿಕಿಯಲ್ಲಿ 'ಜನ ಹೇಗೆ ಸುಧಾರಿಸಿಕೊಳ್ತಾರೆ' ಅಂತ ಇನ್ನೊಂದು ಅಂಕಣವಿತ್ತು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಜನ ಒದ್ದು ಮುಚ್ಚುವುದನ್ನು ರೂಢಿ ಮಾಡಿಕೊಳ್ಳುತ್ತಾರೆ, ಆಮೇಲೆ ದೂರಿನಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಅದಕ್ಕೇ ಲಿಫ್ಟಕ್ಕ ಯಾವ ಕಟ್ಟಡಕ್ಕೆ ಹೋದರೂ ಮೊದಲು ಮೂಲೆಯಲ್ಲಿ ನಿಂತು ಜನರನ್ನೇ ನೋಡುತ್ತಿದ್ದಳು.

ಸರಿ, ಮೂರು ದಿನ ತಂಗಿಯ ಬೆನ್ನು ಬಿಡಲಿಲ್ಲ. ತಂಗಿ ಹಾಸಿಗೆಯಿಂದ ಎದ್ದರೆ ಗೋಡೆ ಹಿಡಿದು ಇಪ್ಪತ್ತರವರೆಗೆ ಎಣಿಸಿ ಆಮೇಲೆ ಹೆಜ್ಜೆ ಇಡುತ್ತಿದ್ದಳು. ನೀರಿಗೆ ಉಪ್ಪು ಸುರಿದುಕೊಂಡು ಗಟಗಟ ಕುಡಿಯುತ್ತಿದ್ದಳು.

"ಇದೇನೇ, ಉಪ್ಪು ಹೀಗೆ ತಿಂತೀಯ?"

"ತಿಂದ್ರೆ ಸ್ವಲ್ಪ ಜೀವ ಬಂದ ಹಾಗಾಗುತ್ತೆ. ಇದನ್ನೂ ಡಾಕ್ಟ್ರಿಗೆ ಹೇಳ್ಬೇಕಾ? ನಾಚಿಕೆಗೇಡು."

"ಕೈ ತೋರ್ಸು."

ಅಂಗೈ ಗೆರೆಗಳು ಕಪ್ಪಗಿದ್ದವು. "ಇದ್ದಿಲಲ್ಲಿ ಚಿತ್ರ ಬರೀತೀನಲ್ಲ, ಅದರದ್ದು" ಎಂದಳು ತಂಗಿ.

"ಎರಡು ತಿಂಗಳಿಂದ ಶಾಲೆಗೂ ಹೋಗಿಲ್ಲ, ಇದ್ದಿಲೂ ಮುಟ್ಟಿಲ್ಲವಲ್ಲೇ ನೀನು!"

ಮೂರು ಟಿಕ್ ಬಿದ್ದವು, ಪರದೆಯಲ್ಲಿ ಒಂದೇ ಪುಟ ಉಳಿಯಿತು. ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಗಳು ಕೈಕೊಡುವ ಕಾಯಿಲೆ. ಬೆಳಗಿನ ರಕ್ತದಲ್ಲಿ ಒಂದು ಹಾರ್ಮೋನು ಅಳೆದರೆ ಸುಳಿವು ಸಿಗುತ್ತದೆ, ಬಿಟ್ಟರೆ ಜೀವಕ್ಕೆ ಅಪಾಯ. ಹಾಗೆಂದು ಬರೆದವಳೂ ಅವಳೇ. ಮಾರನೇ ದಿನವೇ ಡಾಕ್ಟರ ಹತ್ತಿರ ಹೋಗಿ, ಆ ರಕ್ತಪರೀಕ್ಷೆ ಬರೆದುಕೊಡಿ ಎಂದಳು.

"ಇಂಟರ್ನೆಟ್ ನೋಡ್ಕೊಂಡು ಬಂದ್ರಾ?" ಎಂದು ಡಾಕ್ಟರು ನಕ್ಕರು.

"ಪುಸ್ತಕ ನೋಡ್ಕೊಂಡು ಬಂದೆ. ನೀವು ಓದಿರೋ ಪುಸ್ತಕಾನೇ."

"ಕೇಳಿದ ಪರೀಕ್ಷೆಯೆಲ್ಲಾ ಬರೆಯೋಕಾಗಲ್ಲಮ್ಮ."

"ಬರೀಬೇಡಿ. 'ಇವರು ಪರೀಕ್ಷೆ ಕೇಳಿದರು, ನಾನು ಬೇಡ ಅಂದೆ' ಅಂತ ಬರೆದು ಸಹಿ ಹಾಕ್ಕೊಡಿ. ಅಲ್ಲೀವರೆಗೆ ಈ ಕುರ್ಚಿ ಬಿಟ್ಟು ಏಳಲ್ಲ."

ಹೊರಗೆ ಸಾಲು ಬೆಳೆಯಿತು. ನರ್ಸು ಎರಡು ಸಲ ಇಣುಕಿ ಹೋದಳು. ಜಪ್ಪಯ್ಯ ಅಂದರೂ ಲಿಫ್ಟಕ್ಕ ಕದಲಲಿಲ್ಲ. ಡಾಕ್ಟರು ಪೆನ್ನು ಎತ್ತಿದರು, ಇಟ್ಟರು, ಮತ್ತೆ ಎತ್ತಿ, ಹಲ್ಲು ಕಚ್ಚಿಕೊಂಡು ಪರೀಕ್ಷೆ ಬರೆದುಕೊಟ್ಟರು.

ಮಾರನೇ ಬೆಳಗ್ಗೆ ರಕ್ತ ಕೊಟ್ಟು ಬಂದರು. ಸಂಜೆ ಡಾಕ್ಟರೇ ಫೋನ್ ಮಾಡಿದರು. "ಈಗಿಂದೀಗಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಅವರನ್ನ ನಡೆಸಬೇಡಿ."

ನರಕ್ಕೆ ಔಷಧಿ ಏರಿಸಿದ ಮೂರನೇ ದಿನ ತಂಗಿ ಹಸಿವು ಅಂದಳು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟರಲ್ಲಿ ಡಾಕ್ಟರು ಬಂದು ಮಂಚದ ಪಕ್ಕ ನಿಂತರು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದು ಒಪ್ಪಿಕೊಂಡು, ಲಿಫ್ಟಕ್ಕನ ಕಡೆ ತಿರುಗಿ, "ಅದು ಹೇಗಮ್ಮ ಕಂಡುಹಿಡಿದ್ರಿ ನೀವು?" ಎಂದರು.

ಲಿಫ್ಟಕ್ಕ ಬಾಯಿ ತೆರೆಯುವ ಮೊದಲೇ ತಂಗಿ ದಿಂಬಿಗೆ ಒರಗಿಕೊಂಡು ನೆಟ್ಟಗೆ ಕೂತಳು.

"ಐದು ತಿಂಗಳಿಂದ ನನ್ನ ಮೈ ಹೇಳ್ತಾನೇ ಇತ್ತು ಡಾಕ್ಟ್ರೇ. ಇವಳು ನೋಡಿ ಬರ್ಕೊಂಡ್ಲು, ನೀವು ಬರ್ಕೊಳ್ಳಲಿಲ್ಲ."