ಭೇಷ್ ಅನ್ನುವ ಪಾಳಿ

ಸೋಫಾ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಳಗೂ ಬಾರದು, ಹೊರಗೂ ಹೋಗದು. ಒಳಗಿನಿಂದ ಅಳಿಯ ತಳ್ಳುತ್ತಿದ್ದ, ಮೆಟ್ಟಿಲ ಕಡೆಯಿಂದ ಸತ್ತ ಪೈಲಟ್‌ನ ತಮ್ಮ ಎಳೆಯುತ್ತಿದ್ದ. ಕೆಳಗೆ ರಸ್ತೆಯಲ್ಲಿ, ಆಸ್ಪತ್ರೆಯ ವ್ಯಾನಿನೊಳಗೆ, ಪೈಲಟ್ ತನ್ನ ಮನೆಗೆ ಬರಲು ಕಾದು ಮಲಗಿದ್ದ. ಇಳಿಯಲು ಜಾಗ ಸಿಗದೆ ಇಷ್ಟು ಹೊತ್ತು ಕಾದ ವಿಮಾನ ಪ್ರಪಂಚದ ಚರಿತ್ರೆಯಲ್ಲೇ ಇರಲಾರದು.

"ಓರೆ ಮಾಡ್ರೀ, ಓರೆ!" ತಮ್ಮ ಕೂಗಿದ. ಗಡಿಯಾರ ರಿಪೇರಿ ಅವನ ಕಸುಬು. ಕೈ ನಿಧಾನ, ಬಾಯಿ ಮಾತ್ರ ಗಂಟೆ ಹೊಡೆದ ಹಾಗೆ.

"ಇದನ್ನ ಒಳಗೆ ಹೇಗೆ ತಂದ್ರಿ ಚಿಕ್ಕಮಾವ?"

"ನಿಮ್ಮ ಮಾವ ತಂದಿದ್ದು ಕಣಪ್ಪ, ಒಬ್ನೇ! ಹೇಗೆ ಅಂತ ಕೇಳೋಣ ಅಂದ್ರೆ..." ಅವನು ಸೋಫಾದ ಕಾಲು ಬಿಚ್ಚಲು ಕೂತ.

ನಾಲ್ಕನೇ ಕಾಲು ಬಿಚ್ಚಿದ ಮೇಲೆ ಸೋಫಾ ಹೊರಗೆ ಹೋಯಿತು, ಪೈಲಟ್ ಒಳಗೆ ಬಂದ.

*

ಪೈಲಟ್ ಎಂಬುದು ಜನ ಇಟ್ಟ ಅಡ್ಡಹೆಸರು. ಅವನು ಬದುಕಿನಲ್ಲಿ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಒಂದು ದೊಡ್ಡ ಕಚೇರಿಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಆ ಸ್ಟೂಲಿನ ಮೇಲೆ ಕೂತು ಅವನು ಏರಿದ ಎತ್ತರವನ್ನೆಲ್ಲ ಕೂಡಿಸಿದರೆ ಚಂದ್ರನ ಮೇಲಿಳಿದು, ಅಲ್ಲೊಂದು ಕಾಫಿ ಕುಡಿದು, ವಾಪಸು ಬರಬಹುದಿತ್ತು.

ನಿವೃತ್ತನಾದ ಮೇಲೆ ನಗರದಂಚಿನಲ್ಲಿದ್ದ ಹಳೆಯ ಯುದ್ಧವಿಮಾನಗಳ ಮ್ಯೂಸಿಯಂ ಅವನ ಕಣ್ಣಿಗೆ ಬಿತ್ತು. ಅಲ್ಲಿಂದ ಮನೆಮಂದಿಯ ಗ್ರಹಚಾರ ಶುರು. ವಿಮಾನದ ಮೂತಿ, ವಿಮಾನದ ಬಾಲ, ಚಕ್ರ, ಗುಂಡು ತೂರಿ ಹೋದ ತೂತು, ಮೂತಿ ಇನ್ನೊಮ್ಮೆ. ಎಲ್ಲವೂ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳತೊಡಗಿದವು. ಯುದ್ಧದಲ್ಲಿ ಆ ವಿಮಾನಗಳು ಕೂಡ ಅಷ್ಟು ಬಾಂಬು ಸುರಿಸಿರಲಿಲ್ಲ. ನೆಂಟರ ಫೋನುಗಳ ಹೊಟ್ಟೆ ಉಬ್ಬಿ ಬಿರಿಯುವ ಹಾಗಾಯಿತು. ಒಬ್ಬೊಬ್ಬರೇ ಗ್ರೂಪಿನ ಸದ್ದು ಅಡಗಿಸಿಟ್ಟರು.

ಒಂದು ಸಲ ಯಾರೂ ಏನೂ ಅನ್ನಲಿಲ್ಲ. ಪೈಲಟ್ ಗೋಡೆ ಕಡೆ ಮುಖ ಮಾಡಿ ಮಲಗಿದವನು ಊಟಕ್ಕೂ ಏಳಲಿಲ್ಲ.

ಆಗ ತಮ್ಮ ಒಂದು ಉಪಾಯ ಹೂಡಿದ. ಅದನ್ನು ಕಂಡುಹಿಡಿದುದಕ್ಕೆ ಅವನಿಗೆ ಬಿರುದು ಕೊಡಬೇಕೆಂದು ಇಡೀ ಬಳಗ ಒಪ್ಪಿತ್ತು. "ಪಾಳಿ ಹಾಕ್ಕೊಳ್ಳೋಣ. ವಾರಕ್ಕೊಬ್ರು. ಫೋಟೋ ಬಂದ ಕೂಡ್ಲೇ ಭೇಷ್ ಅನ್ನಿ, ಇನ್ನೂ ಕಳಿಸಿ ಅನ್ನಿ. ನೋಡ್ಲೇಬೇಕು ಅಂತ ಏನಿಲ್ಲ."

ಪೈಲಟ್ ಎದ್ದು ಕೂತ. ಹತ್ತು ವರ್ಷ ಚಿಕ್ಕವನಾದ.

ಮಗಳು ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. "ಕೆಲಸದ ಹೊತ್ತಲ್ಲಿ ಫೋನ್ ಮಾಡ್ಬೇಡಿ ಅಪ್ಪ, ಏನಿದ್ರೂ ಗ್ರೂಪಲ್ಲಿ ಹಾಕಿ" ಎಂದಿದ್ದಳು. ಮಗಳ ಮಾತನ್ನು ಅಷ್ಟು ಕೇಳುವ ಅಪ್ಪ ಏಳು ಖಂಡಗಳಲ್ಲಿ ಇನ್ನೊಬ್ಬನಿರಲಿಲ್ಲ. ಅಂದಿನಿಂದ ಅವನು ಒಂದು ಕರೆಯನ್ನೂ ಮಾಡಲಿಲ್ಲ.

*

ಮನೆಯ ಹಾಲ್ ತುಂಬ ಜನ. ಪೈಲಟ್‌ನ ತಲೆಯ ಹತ್ತಿರ ಹೆಂಡತಿ ಕೂತಿದ್ದಳು. ಅವಳ ಬಳಿ ಇದ್ದುದು ಗುಂಡಿ ಒತ್ತುವ ಹಳೆ ಫೋನು. ಗ್ರೂಪು ಅವಳಿಗೆ ದೂರದ ದೇಶ.

"ಕೊನೇ ಗಳಿಗೇಲೂ ಮ್ಯೂಸಿಯಮ್ಮಲ್ಲಿ ಫೋಟೋ ತೆಗೀತಿದ್ನಂತೆ ನಮ್ಮಣ್ಣ" ಎಂದು ತಮ್ಮ ಕಣ್ಣೊರೆಸಿಕೊಂಡ. "ದಂಡನಾಯಕರಿಗೂ ಇಂಥ ಸಾವು ಸಿಗಲ್ಲ. ಎಲ್ರೂ ಫೋನ್ ತೆಗೀರಿ. ನಿನ್ನೆ ಕಳ್ಸಿದ್ದನ್ನಾದ್ರೂ ಕಣ್ತುಂಬ ನೋಡೋಣ."

"ಈಗ ಬೇಡ ಚಿಕ್ಕಪ್ಪ" ಎಂದಳು ಮಗಳು.

"ಈಗಲ್ದೆ ಇನ್ಯಾವಾಗಮ್ಮ?"

ಅವಳು ನಿನ್ನೆಯೇ, ಆಸ್ಪತ್ರೆಯ ಬೆಂಚಿನ ಮೇಲೆ, ಎಲ್ಲವನ್ನೂ ನೋಡಿದ್ದಳು. ಫೋಟೋಗಳ ನಡುವೆ ಅಪ್ಪ ಒಂದು ಮಾತು ಬರೆದಿದ್ದ. 'ಬಾಂಬರಿನ ರೆಕ್ಕೆ ಕೆಳಗೆ ಕೂತಿದ್ದೀನಿ. ಎದೆ ಹಿಂಡ್ತಾ ಇದೆ. ಪುರುಸೊತ್ತು ಇರೋರು ಯಾರಾದ್ರೂ ಬರ್ತೀರಾ?' ಅದರ ಕೆಳಗೆ ಅವಳದೇ ಉತ್ತರ. 'ಭೇಷ್ ಅಪ್ಪ! ಇನ್ನೂ ಕಳಿಸಿ.' ಎದುರಿಗೆ ನಿಂತ ಗಿರಾಕಿಯ ಮುಖ ನೋಡುತ್ತಲೇ, ಮೇಜಿನ ಕೆಳಗೆ ಹೆಬ್ಬೆರಳಲ್ಲಿ ಒತ್ತಿದ್ದು. ಈ ವಾರದ ಪಾಳಿ ಅವಳದಾಗಿತ್ತು.

ಹಾಲ್ ತುಂಬ ಫೋನುಗಳ ಮೇಲೆ ಬೆರಳುಗಳು ಓಡತೊಡಗಿದವು. "ಈ ಮೂತಿ ನೋಡ್ರೋ, ಥೇಟ್ ನಮ್ಮ ಅಕ್ಕ ಸಿಟ್ಟಲ್ಲಿದ್ದ ಹಾಗೆ" ಎಂದ ತಮ್ಮ.

"ಕೇಳಿಸ್ತು ಕಣೋ, ಕಿವಿ ಇನ್ನೂ ನೆಟ್ಟಗಿದೆ" ಎಂದಳು ಅಕ್ಕ. ಯಾರೋ ಮೂಗಿನಲ್ಲೇ ನಕ್ಕರು.

ಮೊದಲು ಅಳಿಯನ ಬೆರಳು ನಿಂತಿತು. ಆಮೇಲೆ ಅಕ್ಕನದು. ಕಿಟಕಿಯ ಹತ್ತಿರ ನಿಂತವರದು. ಕೊನೆಗೆ ತಮ್ಮನದು. ಯಾರೂ ಮಗಳ ಕಡೆ ನೋಡಲಿಲ್ಲ.

"ಯಾಕೆ ಎಲ್ಲಾ ಸುಮ್ಮನಾದ್ರಿ?" ಹೆಂಡತಿ ಕೇಳಿದಳು. "ಏನಾದ್ರೂ ಬರ್ದಿದಾರಾ?"

"ಏನಿಲ್ಲ ಅತ್ತಿಗೆ. ರೆಕ್ಕೆ... ರೆಕ್ಕೆ ಚೆನ್ನಾಗಿದೆ ಅಂತ." ಊರಿಗೆ ಊರನ್ನೇ ನಂಬಿಸಬಲ್ಲ ಆ ಬಾಯಿ ಇದೊಂದು ಸುಳ್ಳನ್ನು ಅರ್ಧಕ್ಕೇ ನುಂಗಿತು.

ಹೆಂಡತಿ ಮಗಳ ಮೊಣಕಾಲಿನ ಮೇಲೆ ಕೈಯಿಟ್ಟಳು. "ನೀನು ಓದೇ."

ಬೇಡ ಎಂದು ಅಳಿಯ ಕಣ್ಣಲ್ಲೇ ಸನ್ನೆ ಮಾಡಿದ. ತಮ್ಮ ಕೈ ಮುಗಿದ. ಸುಳ್ಳು ಹೇಳಲು ಇಡೀ ಕೋಣೆ ಅವಳಿಗೆ ಅಪ್ಪಣೆ ಕೊಟ್ಟು ನಿಂತಿತ್ತು.

ಮಗಳು ಓದಿದಳು. ಒಂದಕ್ಷರ ಬಿಡದೆ.

ಕೆಳಗೆ ವ್ಯಾನಿನವನು ಹಾರ್ನ್ ಮಾಡಿದ.

"ಯಾರೂ ನೋಡ್ಲಿಲ್ವಾ?"

"ಇಲ್ಲಮ್ಮ."

"ನೀನೂ?"

"ನಾನು ಉತ್ತರ ಬರ್ದೆ. ಭೇಷ್ ಅಪ್ಪ, ಇನ್ನೂ ಕಳಿಸಿ ಅಂತ. ಓದದೇ ಬರ್ದೆ."

ಹೆಂಡತಿ ಪೈಲಟ್‌ನ ಗಲ್ಲ ಸವರಿದಳು. ಅದರ ಮೇಲೆ ಕ್ಷೌರ ತಪ್ಪಿ ಉಳಿದ ಒಂದಿಷ್ಟು ಬಿಳಿ ಕೂದಲಿತ್ತು.

"ಕಳಿಸಿದ್ರಾ?"

"ಹೂಂ. ಆಮೇಲೆ ಒಂದೇ ಒಂದು."

"ಕೊಡಿಲ್ಲಿ."

ಮಗಳು ಫೋಟೋ ತೆರೆದು ಕೊಟ್ಟಳು. ಮೂತಿಯಿಲ್ಲ, ಬಾಲವಿಲ್ಲ. ಬರೀ ಹೊಟ್ಟೆ. ಸಾಲುಸಾಲು ರಿವೆಟ್ಟುಗಳು, ಎಣ್ಣೆಯ ಕಲೆ, ಮುಚ್ಚಿದ ಬಾಂಬಿನ ಬಾಗಿಲು, ಎರಡೂ ಕಡೆ ಚಾಚಿದ ರೆಕ್ಕೆಗಳ ಆಚೆ ಮಸುಕು ಬೆಳಕು. ಸ್ವಲ್ಪ ಅಲುಗಾಡಿತ್ತು. ಹೆಂಡತಿ ಫೋನನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಯಾವ ಕಡೆ ಹಿಡಿದರೂ ಅದು ನೆಟ್ಟಗಾಗಲಿಲ್ಲ.

"ನಿಂತು ತೆಗೆದದ್ದಲ್ಲ ಇದು" ಎಂದಳು.

ಸ್ಮಶಾನಕ್ಕೆ ಹೊತ್ತಾಯಿತು ಎನ್ನಲು ವ್ಯಾನಿನವನು ಮೆಟ್ಟಿಲು ಹತ್ತಿ ಬಂದವನು ಬಾಗಿಲಲ್ಲೇ ನಿಂತ. ಹೆಂಡತಿ ಗಂಡನ ಪಕ್ಕದಲ್ಲಿ, ಬರೀ ನೆಲದ ಮೇಲೆ, ಮೆಲ್ಲಗೆ ಅಂಗಾತ ಮಲಗಿ, ಎರಡೂ ಕೈ ನೀಡಿ ಫೋನನ್ನು ಮೇಲಕ್ಕೆ ಎತ್ತಿ ಹಿಡಿದಿದ್ದಳು.